ನಡುಗಂಬದ ಹಂಸ: ಸಮವಾಗದ ಹಗ್ಗ

"ಮುಟ್ಟಬೇಡಿ ಮೇಡಂ, ಅದು ಮುದ್ದೆಮಾಲು, ಕೇಸಿನ ಸಾಕ್ಷಿ!"

ದಫೇದಾರರ ಕೂಗು ಮಂಜನ್ನು ದಾಟಿ ಬರುವಷ್ಟರಲ್ಲಿ ಒದ್ದೆಯಾಗಿ, ಮೆತ್ತಗಾಗಿ, ಯಾರದೋ ನಿದ್ದೆಯೊಳಗಿಂದ ಹೊರಟ ಮಾತಿನಂತೆ ಕೇಳಿಸಿತು. ಪುಟ್ಟಿಯ ಕೈ ಆಗಲೇ ಹಗ್ಗದ ಮೇಲಿತ್ತು.

ನದಿಯ ಆಚೆ ದಡದ ಜೊಂಡಿನ ನಡುವೆ ಮಾವನ ದೋಣಿ ಒಂಟಿಯಾಗಿ ಸಿಕ್ಕಿತ್ತು. ಮೂತಿಯನ್ನು ದಡಕ್ಕೊತ್ತಿ, ಬಾಲವನ್ನು ಹೊಳೆಗೆ ಚಾಚಿ, ಸೆರಗು ಹಿಡಿದು ರಚ್ಚೆ ಮಾಡುವ ಮಗುವಿನಂತೆ ಜಗ್ಗುತ್ತಿತ್ತು. ನದಿ ಕಾಣುತ್ತಿರಲಿಲ್ಲ. ಮಂಜಿನೊಳಗೆ ನದಿಯೊಂದು ಇದೆಯೆಂಬುದಕ್ಕೆ ಅದರ ಸದ್ದೊಂದೇ ಸಾಕ್ಷಿ. ಕಣ್ಣು ಸೋತೆಡೆ ಶಬ್ದವನ್ನೇ ಪ್ರಮಾಣವಾಗಿ ಹಿಡಿಯಬೇಕೆಂದು ಹಿರಿಯರು ಹೇಳಿದ್ದು ಇಂಥದೊಂದು ಮುಂಜಾನೆಯ ಎದುರು ಕುಳಿತೇ ಇರಬೇಕು.

ಬೆಳಗಾಗುವುದರೊಳಗೆ ದೋಣಿಮನೆಯ ಸಂಗ್ರಹಾಲಯದಿಂದ ಕಂಚಿನ ಹಂಸ ಮಾಯವಾಗಿತ್ತು. ಹಂಸದೊಡನೆ ಊರಿಗಿದ್ದ ಒಬ್ಬರೇ ಅಂಬಿಗರೂ. ಆ ಅಂಬಿಗರು ಪುಟ್ಟಿಯ ಸೋದರಮಾವ.

ನಗರದ ಅಪರಾಧ ವಿಭಾಗದ ಅಧಿಕಾರಿಯಾದ ಅವಳ ಹೆಸರು ಕೇಳಿದರೆ ಪಳಗಿದ ಕಳ್ಳರೂ ಓಣಿ ಬದಲಿಸುತ್ತಿದ್ದರು. ಈ ಊರಿನಲ್ಲಿ ಮಾತ್ರ ಅವಳು ಪುಟ್ಟಿ. ತಾಯಿ ತೀರಿದ ಮೇಲೆ ಮಾವನ ದೋಣಿಯೇ ಅವಳಿಗೆ ತೊಟ್ಟಿಲು, ಅತ್ತೆಯ ಮಡಿಲೇ ಮೊದಲ ಶಾಲೆ. ಆದ್ದರಿಂದಲೇ ಮೇಲಧಿಕಾರಿ ಫೋನಿನಲ್ಲಿ ಅಳೆದು ತೂಗಿ ಮಾತಾಡಿದ್ದರು: "ಸಂಬಂಧಿಕರ ಕೇಸಮ್ಮ ಇದು. ಸಂಜೆ ತನಕ ನೋಡು. ಆಮೇಲೆ ನಿನ್ನ ಮಾವನ ಫೋಟೋ ಎಲ್ಲ ಠಾಣೆಗೂ ಹೋಗತ್ತೆ."

ಹೋಗುವ ಚಿತ್ರದ ಕೆಳಗೆ ಯಾವ ಪದವಿರುತ್ತದೆಂದು ಅವರು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮುದುಕನೊಬ್ಬ ಜೀವಮಾನವಿಡೀ ಜನರನ್ನು ದಡ ಮುಟ್ಟಿಸಿ ಗಳಿಸಿದ ಹೆಸರು ಆ ಒಂದು ಪದದ ಭಾರಕ್ಕೆ ಮುಳುಗಿಹೋಗುವಂಥದು.

"ಹಕ್ಕೀನೂ ಹಾರ್ತು, ಹಕ್ಕಿ ಹಿಡಿದೋರೂ ಹಾರಿದರು," ಎಂದರು ದಫೇದಾರರು, ದಡದ ಗಂಟೆಗಂಬಕ್ಕೆ ಒರಗಿ. "ದೋಣಿ ಇಲ್ಲಿದೆ ಅಂದಮೇಲೆ ನಿಮ್ಮ ಮಾವ ಇಲ್ಲಿಳಿದು ಹೋದ್ರು ಅಂತ್ಲೇ ಲೆಕ್ಕ. ಇದಕ್ಕೇನು ದೊಡ್ಡ ತಲೆ ಬೇಕಾ ಮೇಡಂ?"

"ದೊಡ್ಡ ತಲೆ ಬೇಡ ದಫೇದಾರ್ರೇ. ಕೆಳಗೆ ನೋಡೋ ಕಣ್ಣು ಸಾಕು. ಈ ಕೆಸರಲ್ಲಿರೋ ಹೆಜ್ಜೆ ಯಾರದು?"

"ನಂದೇ. ಹಿಮ್ಮಡಿ ಸವೆದಿದೆ ನೋಡಿ. ಹೊಸ ಬೂಟು ಕೇಳಿ ಕೇಳಿ ಬಾಯಿ ಸವೀತೇ ಹೊರತು ಬೂಟು ಬರಲಿಲ್ಲ."

"ನನ್ನದು ಬಿಟ್ಟು ಇನ್ನೊಬ್ಬರ ಹೆಜ್ಜೆ?"

ದಫೇದಾರರು ಬಗ್ಗಿದರು, ಸುತ್ತಿದರು, ಜೊಂಡು ಸರಿಸಿದರು. ಬೆಣ್ಣೆಯಂತೆ ಮೃದುವಾದ ಆ ಜೇಡಿಯಲ್ಲಿ ನೀರುಕೋಳಿಯ ಕಾಲಿನ ಗುರುತುಗಳೂ ಇದ್ದವು, ಇನ್ನೊಬ್ಬ ಮನುಷ್ಯನದಿರಲಿಲ್ಲ.

"ಹಾಗಾದ್ರೆ ಮಾವ ಹೇಗಿಳಿದರು?"

"ಹಂಸ ಜೊತೇಲಿತ್ತಲ್ಲ ಮೇಡಂ," ದಫೇದಾರರು ಸೋಲೊಪ್ಪದೆ ನಕ್ಕರು. "ಬೆನ್ನ ಮೇಲೆ ಕೂರಿಸ್ಕೊಂಡು ಹೋಗಿರಬೇಕು."

ಪುಟ್ಟಿ ನಗಲಿಲ್ಲ. ಅವಳ ದೃಷ್ಟಿ ಹಗ್ಗಗಳ ಮೇಲಿತ್ತು.

ಈ ದೋಣಿಗೆ ಹುಟ್ಟಿಲ್ಲ, ಎಂಜಿನ್ನೂ ಇಲ್ಲ. ನದಿಯ ಮೇಲೆ ದಡದಿಂದ ದಡಕ್ಕೆ ದಪ್ಪನೆಯ ಹುರಿಯೊಂದನ್ನು ಬಿಗಿದಿದ್ದಾರೆ. ಅದರ ಮೇಲೋಡುವ ರಾಟೆಯಿಂದ ಎರಡು ಹಗ್ಗಗಳಿಳಿದು, ಒಂದು ದೋಣಿಯ ಮೂತಿಯನ್ನೂ ಒಂದು ಬಾಲವನ್ನೂ ಹಿಡಿದಿವೆ. ಮೂತಿಯ ಹಗ್ಗವನ್ನು ಗಿಡ್ಡಮಾಡಿದರೆ ದೋಣಿ ಹರಿವಿಗೆ ಓರೆಯಾಗುತ್ತದೆ, ಹೊಳೆಯೇ ಅದನ್ನು ಆಚೆಗೆ ತಳ್ಳಿಕೊಂಡು ಹೋಗುತ್ತದೆ. ಬಾಲದ ಹಗ್ಗವನ್ನು ಗಿಡ್ಡಮಾಡಿದರೆ ಅದೇ ಹೊಳೆ ಈಚೆಗೆ ತರುತ್ತದೆ. ತನ್ನನ್ನು ತಡೆಯುವ ನೀರಿನಿಂದಲೇ ತನ್ನ ದಾರಿಯನ್ನು ದುಡಿಸಿಕೊಳ್ಳುವ ಈ ದೋಣಿಯನ್ನು ನೋಡಲು ಪ್ರವಾಸಿಗರು ದೂರದೂರದಿಂದ ಬರುತ್ತಿದ್ದರು.

ಆದರೆ ದಡ ಮುಟ್ಟಿದೊಡನೆ ಎರಡು ಹಗ್ಗಗಳನ್ನೂ ಸಮಮಾಡಬೇಕು. ಮಾಡದಿದ್ದರೆ ಹರಿವು ದೋಣಿಯನ್ನು ದಡಕ್ಕೆ ಕುಟ್ಟಿ ಕುಟ್ಟಿ ಹಲಗೆ ಬಿಡಿಸಿಬಿಡುತ್ತದೆ. "ಮೊದಲು ಹಗ್ಗ, ಆಮೇಲೆ ಹೆಜ್ಜೆ." ಅಕ್ಷರ ಕಲಿಯುವ ಮೊದಲೇ ಪುಟ್ಟಿ ಕಲಿತ ಪಾಠವಿದು. ಮನೆಗೆ ಬೆಂಕಿ ಬಿದ್ದಿದೆಯೆಂದರೂ ಮಾವ ಹಗ್ಗ ಸಮಮಾಡದೆ ದೋಣಿಯಿಂದ ಇಳಿಯುವವರಲ್ಲ.

ಈಗ ಮೂತಿಯ ಹಗ್ಗ ಗಿಡ್ಡವಾಗಿಯೇ ಇತ್ತು. ದೋಣಿ ಅದಕ್ಕೇ ಒದ್ದಾಡುತ್ತಿತ್ತು.

"ಈ ದಡದಲ್ಲಿ ಯಾರೂ ಇಳಿದಿಲ್ಲ," ಎಂದಳು ಪುಟ್ಟಿ ಮೆಲ್ಲಗೆ. ತನಗೇ ಹೇಳಿಕೊಂಡಂತಿತ್ತು. "ದೋಣಿ ಬಂದಾಗ ಖಾಲಿ ಇತ್ತು."

ಮಾವ ಓಡಿಹೋಗಿಲ್ಲ. ಎದೆಯೊಳಗೆ ದೀಪವೊಂದು ಹೊತ್ತಿತು. ಅದರ ಬೆಳಕಿನಲ್ಲೇ ಅವಳು ಬಗ್ಗಿ ಮೂತಿಯ ಹಗ್ಗದ ಗಂಟನ್ನು ನೋಡಿದಳು.

ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಕಾಣುವುದು ಲೋಕಕ್ಕೆಲ್ಲ ಗೊತ್ತಿರುವ ಭ್ರಮೆ. ಇಲ್ಲಿ ಹಗ್ಗ ಹಗ್ಗವಾಗಿಯೇ ಕಂಡಿತು. ಕಚ್ಚಿದ್ದು ಅದರ ಗಂಟು.

ಎರಡು ಸುತ್ತು, ಒಂದು ಕುಣಿಕೆ, ಉಳಿದ ತುದಿಯನ್ನು ಮೊಲದ ಕಿವಿಯಂತೆ ಒಳಕ್ಕೆ ತೂರಿಸಿದ್ದು. ಕಣ್ಣಿಗಿಂತ ಮೊದಲು ಅವಳ ನೆತ್ತಿ ಅದನ್ನು ಗುರುತಿಸಿತು. ಬಾಲ್ಯದ ಪ್ರತಿ ಬೆಳಗೂ ಜಡೆಯ ತುದಿಯ ರಿಬ್ಬನ್ನಿಗೆ ಬೀಳುತ್ತಿದ್ದ ಗಂಟು ಅದು. ಎಷ್ಟು ಓಡಿದರೂ ಬಿಚ್ಚುತ್ತಿರಲಿಲ್ಲ.

"ಏನು ಮೇಡಂ?"

"ಏನಿಲ್ಲ."

ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಅದಕ್ಕೇ ಇರಬೇಕು, ಆ ಮೂರಕ್ಷರವೂ ನಾಲಿಗೆಗೆ ಕಹಿಯಾಯಿತು.

ದಫೇದಾರರು ಸರಪಳಿ ತಂದು ದೋಣಿಯನ್ನು ದಡದ ಕಲ್ಲುಗೂಟಕ್ಕೆ ಬಿಗಿದು, ಬೀಗ ಹಾಕಿ, ಬೀಗಕ್ಕೆ ಅರಗು ಒತ್ತಿದರು. ಕೀಲಿಯನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡರು. ದೋಣಿಯಲ್ಲೇ ಈಚೆಗೆ ಹೋಗೋಣವೆಂದರೆ, "ಸಾಕ್ಷಿ ಮೇಲೆ ಸವಾರಿ ಮಾಡೋಕಾಗತ್ತಾ?" ಎಂದು ಕಣ್ಣರಳಿಸಿದರು. ಹೊರಡುವ ಮುನ್ನ ತಲೆಯ ಮೇಲೆ ತೂಗುತ್ತಿದ್ದ ಹಳೆಯ ಗಂಟೆಯನ್ನು ನೋಡಿ ಅವರಿಗೊಂದು ಚೇಷ್ಟೆ ಹೊಳೆಯಿತು.

"ಎಷ್ಟು ತಲೆಯೋ ಅಷ್ಟು ಬಡಿತ ಅಲ್ವಾ ನಿಮ್ಮೂರಿನ ಪದ್ಧತಿ? ದಡದಲ್ಲಿ ಎಷ್ಟು ಜನ ಕಾಯ್ತಿದಾರೆ ಅಂತ ಅಂಬಿಗನಿಗೆ ತಿಳೀಲಿ ಅಂತ? ಈಗ ನಾವಿಬ್ರು. ಬಡೀತೀನಿ, ನಿಮ್ಮ ಮಾವ ಬರ್ತಾರೇನೋ ನೋಡೋಣ."

ಅವರು ಎರಡು ಬಾರಿ ಬಡಿದರು. ನಾದ ಮಂಜಿನೊಳಗೆ ಹೋಯಿತು. ಉತ್ತರವಿಲ್ಲದೆ, ಪ್ರತಿಧ್ವನಿಯೂ ಇಲ್ಲದೆ, ಎಲ್ಲಿಗೋ ಹೋಗಿ ಅಲ್ಲೇ ಕುಳಿತುಕೊಂಡಿತು.

*

ಕೆಳಗಿನ ಸೇತುವೆಯನ್ನು ಸುತ್ತಿಬಳಸಿ ಜೀಪು ಊರು ಸೇರುವಷ್ಟರಲ್ಲಿ ಹೊತ್ತು ನೆತ್ತಿಯಿಂದ ಇಳಿದಿತ್ತು. ಮಂಜು ಮಾತ್ರ ಇಳಿದಿರಲಿಲ್ಲ. ಬಿಸಿಲು ಅದರೊಳಗೆ ಹಾಲಿನೊಳಗಿನ ಕೇಸರಿಯಂತೆ ಕದಡಿತ್ತು.

ಈ ಊರು ಎಚ್ಚರವಿರುವಾಗಲೂ ಕನಸು ಕಾಣುವ ಊರು. ಕಲ್ಲು ಹಾಸಿದ ಓಣಿಗಳೆಲ್ಲ ಇಳಿದಿಳಿದು ನದಿಯಲ್ಲಿ ಕೊನೆಗೊಳ್ಳುತ್ತವೆ. ನಿಂತುಹೋದ ಹಿಟ್ಟಿನ ಗಿರಣಿಯ ಚಕ್ರದ ಮೇಲೆ ಪಾಚಿ ಹಸಿರು ಮಕಮಲ್ಲಿನಂತೆ ಹಬ್ಬಿದೆ. ನಡುನದಿಯಲ್ಲಿ ಹಳೆಯ ಸೇತುವೆಯ ಒಂದೇ ಒಂದು ಮೋಟು ಕಂಬ ಉಳಿದಿದೆ. ಅದರ ನೆತ್ತಿಯ ಮೇಲೆ ದೂರಕ್ಕೆ ಗುಬ್ಬಿಗೂಡಿನಷ್ಟೇ ಕಾಣುವ ಕಲ್ಲಿನ ಕಾವಲುಗೂಡು. ಸೇತುವೆ ಕೊಚ್ಚಿಹೋದದ್ದು ಯಾರ ನೆನಪಿಗೂ ಎಟುಕದ ಕಾಲದಲ್ಲಿ. ಹೆಸರು ಮಾತ್ರ ಉಳಿದಿದೆ: ನಡುಗಂಬ. ಇಂದು ಅದೂ ಮಂಜಿನ ಹಿಂದಿತ್ತು.

ದೋಣಿಮನೆಯ ಒಳಗೆ ನೀರಿನ ಬೆಳಕು ಛಾವಣಿಯ ತೊಲೆಗಳ ಮೇಲೆ ನಿಧಾನವಾಗಿ ಅಲೆಯುತ್ತಿತ್ತು. ಶತಮಾನಗಳಿಂದ ನೀರು ಕಾಣದ ದೋಣಿಗಳು, ಬಿರುಕು ಬಿಟ್ಟ ಹೊಟ್ಟೆಗಳನ್ನು ಮೇಲೆ ಮಾಡಿ, ಆ ಬೆಳಕಿನಲ್ಲಿ ತೇಲುತ್ತಿರುವಂತೆ ಕಂಡವು. ನಡುವೆ ಖಾಲಿ ಪೀಠ. ಖಾಲಿ ಪೀಠವನ್ನೇ ಸುತ್ತುಗಟ್ಟಿ ನಿಂತ ಪ್ರವಾಸಿಗರು. ಅವರ ಮುಂದೆ ಊರಿನ ಗೈಡು. ಒಂದೇ ಮಾತನ್ನು ಒಂದೇ ರಾಗದಲ್ಲಿ ಹೇಳುವ ಅವನನ್ನು ಊರೆಲ್ಲ ಕರೆಯುವುದು ಗಿಣಿರಾಮನೆಂದು.

"ನೋಡಿ, ಇಲ್ಲೇ ಇತ್ತು ಆ ಹಂಸ! ಇವತ್ತು ಇಲ್ಲ, ಹಾಗಂತ ಟಿಕೆಟ್ ವಾಪಸ್ ಇಲ್ಲ!" ಜನ ನಕ್ಕರು. "ಮೊದಲು ಅದರ ಜಾಗ ಇದಲ್ಲ ಸ್ವಾಮಿ. ನಡುಗಂಬದ ನೆತ್ತಿ ಮೇಲೆ ಕೂತಿತ್ತು. ಕಂಬದೊಳಗೆ ಬುಡದಿಂದ ತುದಿವರೆಗೆ ಒಂದು ಪೊಳ್ಳು ಕೊಳವೆ. ನದಿ ಏರಿದ ಹಾಗೆ ಒಳಗಿನ ಗಾಳಿ ಒತ್ತಿಕೊಂಡು ಮೇಲೆ ಬಂದು ಹಂಸದ ಗಂಟಲಲ್ಲಿ ಹೊರಡ್ತಿತ್ತು. ಆಗ ಹಂಸ ಕೂಗ್ತಿತ್ತು! ನೆರೆ ಬರತ್ತೆ, ಏಳಿ ಏಳಿ ಅಂತ! ಕೇಳಿದೋರು ಈಗ ಯಾರೂ ಇಲ್ಲ. ಅಮ್ಮಾ, ಆ ತೇಪೆ ಕೊಡೆ ಮುಟ್ಟಬೇಡಿ! ನಮ್ಮ ಕಾವಲುಗಾರನ ಪ್ರಾಣ ಅದರಲ್ಲೇ ಇರೋದು. ಬಿಸಿಲಲ್ಲೂ ಕೈಬಿಡಲ್ಲ ಮಹಾರಾಯ."

ಪುಟ್ಟಿ ತಿರುಗಿದಳು. ಬಾಗಿಲ ಹಿಂದಿನ ಗೂಟದಲ್ಲಿ ಕಪ್ಪು ಕೊಡೆಯೊಂದು ತೂಗುತ್ತಿತ್ತು. ಕಪ್ಪಿನ ಮೇಲೆ ನೀಲಿ ತೇಪೆ, ನೀಲಿಯ ಮೇಲೆ ಬೂದು ತೇಪೆ.

"ಕೂಗೋದು ಗೀಗೋದು ಎಲ್ಲ ಕಟ್ಟುಕಥೆ ಮೇಡಂ," ಎಂದು ಹಿಂದಿನಿಂದ ಮೆದುವಾದ ದನಿ ಬಂತು. ಸಂಗ್ರಹಾಲಯದ ಮೇಲ್ವಿಚಾರಕರು. ಇಸ್ತ್ರಿಯ ಗೆರೆ ಮುರಿಯದ ಬಿಳಿಯ ಅಂಗಿ, ಕೈಯಲ್ಲಿ ಚಹಾದ ಬಟ್ಟಲು. "ಲೋಹದ ಹಕ್ಕಿ ಎಲ್ಲಾದ್ರೂ ಕೂಗತ್ತಾ? ನಾಳೆ ಅದನ್ನ ನಗರದ ಪ್ರದರ್ಶನಕ್ಕೆ ಕಳಿಸೋದಿತ್ತು. ಅಲ್ಲೇ ಕಾಯಂ ಇಟ್ಟುಕೊಳ್ತಾರಂತೆ. ನಿಮ್ಮ ಮಾವನವರಿಗೆ ಅದು ಸುತರಾಂ ಇಷ್ಟ ಇರಲಿಲ್ಲ. ಹೋದ ವಾರ ಸಭೆಯಲ್ಲಿ ಎದ್ದು ನಿಂತು, ಹಂಸ ಊರು ಬಿಟ್ರೆ ಊರು ಕಿವುಡಾಗತ್ತೆ ಅಂತ ಕೂಗಾಡಿದ್ರು."

"ಗಾಜಿನ ಪೆಟ್ಟಿಗೆ ಒಡೆದಿಲ್ಲವಲ್ಲ?"

"ಕೀಲಿಯಲ್ಲೇ ತೆಗೆದಿದಾರೆ. ಕೀಲಿ ಕಾವಲುಗಾರನ ಕೋಣೆಯಲ್ಲಿರತ್ತೆ. ನಿಮ್ಮ ಮಾವನವರಿಗೆ ಅದು ಗೊತ್ತು, ಇಬ್ಬರೂ ಸ್ನೇಹಿತರು."

"ಕಾವಲುಗಾರ ಎಲ್ಲಿ?"

"ಪಾಪ, ಅವನಕ್ಕನಿಗೆ ಹುಷಾರಿಲ್ಲವಂತೆ. ನಿನ್ನೆ ಸಂಜೇನೇ ಊರಿಗೆ ಹೊರಟುಹೋದ. ಆ ಜಡಿಮಳೆಯಲ್ಲೇ." ಮೇಲ್ವಿಚಾರಕರು ಚಹಾ ಗುಟುಕರಿಸಿದರು. "ನಾನೇ ರಜೆ ಕೊಟ್ಟು ಕಳಿಸಿದೆ."

ಪುಟ್ಟಿ ತಲೆಯಾಡಿಸಿದಳು. ಅವಳ ಮನಸ್ಸು ಬೇರೊಂದು ಗಂಟಿನಲ್ಲಿ ಸಿಕ್ಕಿಕೊಂಡಿತ್ತು. ಹಾಲನ್ನೂ ನೀರನ್ನೂ ಬೇರ್ಪಡಿಸುವುದು ಹಂಸದ ಗುಣವೆನ್ನುತ್ತಾರೆ. ಹಂಸವೇ ಕಾಣೆಯಾದಾಗ ಆ ಕೆಲಸ ಮನುಷ್ಯರ ಪಾಲಿಗೆ ಬರುತ್ತದೆ, ಮತ್ತು ಮನುಷ್ಯರು ಸಾಮಾನ್ಯವಾಗಿ ತಮಗೆ ಪ್ರಿಯವಾದುದನ್ನೇ ಹಾಲೆಂದು ಕರೆಯುತ್ತಾರೆ. ಅವಳು ಹೊರಗೆ ಬಂದಳು. ದೋಣಿಕಟ್ಟೆಯ ಮೆಟ್ಟಿಲ ಪಕ್ಕದಲ್ಲಿ ಟಿಕೆಟಿನ ಗೂಡಂಗಡಿ. ಕಿಟಕಿಯ ಹಿಂದೆ ಅತ್ತೆ.

*

ಕಿಟಕಿಗೆ 'ಇಂದು ದೋಣಿ ಇಲ್ಲ' ಎಂಬ ಹಲಗೆ ನೇತುಹಾಕಿತ್ತು. ಅದರ ಕೆಳಗೆ ಇನ್ನೊಂದು: ಮೇಲಿನ ಅಣೆಕಟ್ಟಿನ ಬಾಗಿಲುಗಳನ್ನು ಇಂದು ಮಧ್ಯಾಹ್ನ ತೆರೆಯಲಾಗುವುದು, ಕೆಳಗಿನ ಮೆಟ್ಟಿಲುಗಳಿಗೆ ಯಾರೂ ಇಳಿಯಬಾರದು.

ಅತ್ತೆ ಟಿಕೆಟಿನ ಕಟ್ಟುಗಳಿಗೆ ದಾರ ಸುತ್ತುತ್ತಿದ್ದರು. ಎರಡು ಸುತ್ತು, ಒಂದು ಕುಣಿಕೆ, ತುದಿ ಒಳಕ್ಕೆ.

"ಊಟ ಮಾಡಿದ್ಯಾ?" ತಲೆಯೆತ್ತದೆ ಕೇಳಿದರು.

"ಇಲ್ಲ."

"ಮುಖ ನೋಡಿದ್ರೇ ಗೊತ್ತಾಗತ್ತೆ. ಹೊಟ್ಟೆ ಖಾಲಿ ಇದ್ರೆ ನಿನ್ನ ಮೂಗು ಚೂಪಾಗತ್ತೆ, ಚಿಕ್ಕಂದಿನಿಂದಲೂ. ಒಳಗೆ ಬಾ."

"ಮೂತಿ ಹಗ್ಗಕ್ಕೆ ಗಂಟು ಹಾಕಿದ್ದು ಯಾರು ಅತ್ತೆ?"

ದಾರದ ಮೇಲಿನ ಬೆರಳು ನಿಂತಿತು, ಮತ್ತೆ ನಡೆಯಿತು.

"ಇನ್ಯಾರು, ನಿನ್ನ ಮಾವ."

"ಮಾವ ಒಂದೇ ಸುತ್ತು ಹಾಕೋದು. ಎರಡು ಸುತ್ತು ಹಾಕಿ ಕಿವಿ ತೂರಿಸೋರು ಈ ಪ್ರಪಂಚದಲ್ಲಿ ಒಬ್ಬರೇ ಇರೋದು. ನೀವು."

"ನೀವಾ?" ಅತ್ತೆ ಈಗ ತಲೆಯೆತ್ತಿದರು. "ನಾನು ನಿನಗೆ 'ನೀವು' ಆಗಿದ್ದು ಯಾವಾಗಿಂದ?"

"ಕೇಳ್ತಿರೋದು ಪುಟ್ಟಿ ಅಲ್ಲ."

"ಓಹೋ. ಹಾಗಾದ್ರೆ ಹೇಳೋಳೂ ಅತ್ತೆ ಅಲ್ಲ. ಟಿಕೆಟ್ ಬೇಕಿತ್ತಾ ಮೇಡಂ? ಇವತ್ತು ದೋಣಿ ಇಲ್ಲ. ಕಿಟಕಿಗೆ ಅಡ್ಡ ನಿಲ್ಲಬೇಡಿ, ಗಾಳಿ ಬರಲ್ಲ."

ಇನ್ನೊಂದು ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಪುಟ್ಟಿ ಕಿಟಕಿಯ ಕಟ್ಟೆಯ ಮೇಲೆ ಎರಡೂ ಕೈಯೂರಿದಳು.

"ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಮಾವ ಹಂಸ ತೆಗೆದುಕೊಂಡ್ರು, ನಾಳೆ ಅದು ಊರು ಬಿಡಬಾರದು ಅಂತ. ಈ ದಡದಲ್ಲೇ ಎಲ್ಲೋ ಬಚ್ಚಿಟ್ಟುಕೊಂಡು ಕೂತಿದಾರೆ. ಆಚೆಗೆ ಹೋದ್ರು ಅಂತ ಜನ ನಂಬಲಿ ಅಂತ ನೀವು ಮೂತಿ ಹಗ್ಗ ಗಿಡ್ಡಮಾಡಿ ಖಾಲಿ ದೋಣಿ ಕಳಿಸಿದ್ರಿ. ಆಚೆ ಹಗ್ಗ ಸಮಮಾಡೋಕೆ ಯಾರೂ ಇರಲಿಲ್ಲ. ಅಲ್ಲೇ ಸಿಕ್ಕಿಬಿದ್ರಿ."

ಅತ್ತೆ ಇನ್ನೊಂದು ಕಟ್ಟು ಕೈಗೆತ್ತಿಕೊಂಡರು.

"ಸಂಜೆ ಆದ್ಮೇಲೆ ಈ ಕೇಸು ನನ್ನ ಕೈಯಲ್ಲಿರಲ್ಲ. ಈಗ್ಲೇ ಹಂಸ ತಂದು ಪೀಠದ ಮೇಲಿಟ್ರೆ ಮುದುಕರ ಹಠ ಅಂತ ಮುಗಿಸಬಹುದು. ಸಂಜೆ ಮೇಲೆ ಅದು ಕಳ್ಳತನ. ಎಲ್ಲಿದಾರೆ ಹೇಳಿಬಿಡಿ. ಗಿರಣೀಲಾ?"

"ಎಷ್ಟು ಚೆನ್ನಾಗಿ ಓದಿದೀಯ," ಎಂದರು ಅತ್ತೆ. ದನಿಯಲ್ಲಿ ಕುಚೋದ್ಯವಿತ್ತು, ಅದರ ತಳದಲ್ಲಿ ಹೆಮ್ಮೆಯೂ ಇತ್ತು, ಇನ್ನೂ ಕೆಳಗೆ ಬೇರೇನೋ ನಡುಗುತ್ತಿತ್ತು. "ಗಂಟು ನಂದೇ. ಒಪ್ಪಿದೆ. ಆದ್ರೆ ಖಾಲಿ ದೋಣಿ ಅಂದ್ಯಲ್ಲ, ಅಲ್ಲಿ ತಪ್ಪಿದೆ ನೀನು."

"ಅಂದ್ರೆ?"

"ನಾನು ಗಂಟು ಹಾಕುವಾಗ ನಿನ್ನ ಮಾವ ದೋಣಿಯಲ್ಲೇ ಕೂತಿದ್ದರು."

ಪುಟ್ಟಿಯ ಎದೆಯೊಳಗಿನ ದೀಪ ಗಾಳಿಗೆ ಬಾಗಿದಂತಾಯಿತು. ಕೆಸರಿನಲ್ಲಿ ಹೆಜ್ಜೆಯಿರಲಿಲ್ಲ. ಹಗ್ಗ ಸಮವಾಗಿರಲಿಲ್ಲ. ಈಚೆ ದಡದಲ್ಲಿ ದೋಣಿ ಹತ್ತಿದವರು ಆಚೆ ದಡದಲ್ಲಿ ಇಳಿದಿರಲಿಲ್ಲ.

"ಅತ್ತೆ," ಎಂದಳು. ಅಧಿಕಾರಿ ಎಲ್ಲಿ ಹೋದಳೋ, ಬಂದದ್ದು ಪುಟ್ಟಿಯ ದನಿ. "ಏನು ಹೇಳ್ತಿದೀಯ ನೀನು?"

"ಈಗ ಬಂದ್ಯಲ್ಲ ದಾರಿಗೆ." ಅತ್ತೆ ದಾರವನ್ನು ಕೆಳಗಿಟ್ಟರು. "ಅವರ ಎರಡೂ ಕೈಯಲ್ಲಿ ಹಂಸ ಇತ್ತು. ಕಂಬಳಿ ಸುತ್ತಿ, ಕೂಸಿನ ಥರ ಮಡಿಲಲ್ಲಿ ಇಟ್ಟುಕೊಂಡಿದ್ರು. ಹಗ್ಗ ಹಿಡಿಯೋಕೆ ಕೈಯೆಲ್ಲಿ? ಅದಕ್ಕೇ ನಾನು ಕಟ್ಟಿದೆ. ನಡುಗಂಬದ ಪಕ್ಕದಲ್ಲೇ ಅಲ್ವಾ ದೋಣಿ ಹೋಗೋದು? ಅಲ್ಲಿ ಕಾಲಿಟ್ಟು ಇಳ್ಕೊಂಡ್ಬಿಡ್ತೀನಿ ಅಂದ್ರು."

"ನಡುಗಂಬಕ್ಕಾ!"

"ಮೆಲ್ಲಗೆ. ಹಂಸಾನ ಅದರ ಗೂಡಲ್ಲಿ ಕೂರಿಸ್ತೀನಿ. ಮಧ್ಯಾಹ್ನ ಅಣೆಕಟ್ಟು ತೆರೀತಾರೆ, ನೀರು ಏರತ್ತೆ, ಹಂಸ ಕೂಗತ್ತೆ. ಊರೆಲ್ಲ ಕೇಳತ್ತೆ. ಒಂದ್ಸಲ ಕೂಗಿದ್ರೆ ಸಾಕು ಕಣೇ, ಆಮೇಲೆ ಅದನ್ನ ಪೆಟ್ಟಿಗೇಲಿಟ್ಟು ಸಾಗಿಸೋಕೆ ಯಾರಿಗೂ ಧೈರ್ಯ ಬರಲ್ಲ ಅಂದ್ರು. ದೇವರಿಗೆ ಕೈಮುಗಿದೇ ಹೋದರು. ಈ ವಯಸ್ಸಲ್ಲಿ ಏನು ಹುಚ್ಚು ಅಂದೆ. ಹುಚ್ಚು ಹಿಡಿಯೋದಕ್ಕೆ ವಯಸ್ಸೇನು ಅಡ್ಡಿ ಅಂದ್ರು."

"ದೋಣೀನ ಯಾಕೆ ಬಿಟ್ಟರು?"

"ಕಂಬದ ಹತ್ರ ದೋಣಿ ಕಂಡ್ರೆ ಆಗ್ಲೇ ಹೋಗಿ ಹಿಡಿದು ತರಲ್ವಾ ನಿಮ್ಮೋರು? ಆಚೆಗೆ ಹೋಗಲಿ ಬಿಡು. ಹಂಸ ಕೂಗಿದ ಕೂಡಲೇ ನೀನು ಈಚೆ ಕಟ್ಟೆಯ ಗಂಟೆ ಬಡಿ, ಆಚೆ ಗದ್ದೆಯವರು ಬಂದು ಬಾಲದ ಹಗ್ಗ ಗಿಡ್ಡಮಾಡಿ ದೋಣಿ ಬಿಡ್ತಾರೆ, ದಾರೀಲಿ ಹತ್ತಿಕೊಂಡು ಬರ್ತೀನಿ ಅಂದ್ರು. ಎಲ್ಲ ಯೋಚನೆ ಮಾಡಿದ್ರು ಪುಟ್ಟೀ. ನೀರು ಕಂಬ ಹತ್ತಿ ಸೊಂಟಕ್ಕೆ ಬರೋದ್ರೊಳಗೆ ದೋಣಿ ಬಂದಿರತ್ತೆ."

ಪುಟ್ಟಿಗೆ ಸರಪಳಿಯ ಸದ್ದು ಕೇಳಿಸಿತು. ಅರಗಿನ ವಾಸನೆಯೂ ಬಂತು. ಅವಳು ಹೇಳಬೇಕಾದುದನ್ನು ಹೇಳಿದಳು. ಆ ಮಾತು ತನ್ನ ಬಾಯಿಂದ ಹೊರಡುತ್ತಿದೆಯೆಂಬುದೇ ಕನಸಿನಂತಿತ್ತು.

"ದೋಣಿಗೆ ಬೀಗ ಹಾಕಿದೆ ಅತ್ತೆ."

"ಬೀಗ?" ಅತ್ತೆಗೆ ಅರ್ಥವಾಗಲಿಲ್ಲ. "ದೋಣಿಗ್ಯಾಕೆ ಬೀಗ?"

"ದಫೇದಾರರು. ನನ್ನ ಕಣ್ಣೆದುರಿಗೇ. ಸಾಕ್ಷಿ ಅಂತ."

ಟಿಕೆಟಿನ ಕಟ್ಟು ಮಡಿಲಿನಿಂದ ಜಾರಿ ನೆಲಕ್ಕೆ ಬಿತ್ತು. ಗಂಟು ಬಿಚ್ಚಲಿಲ್ಲ.

ಆಗ ನದಿಯ ಕಡೆಯಿಂದ ಆ ಸದ್ದು ಬಂತು.

ಮೊದಲು ಅದು ಸದ್ದೆಂದೇ ತಿಳಿಯಲಿಲ್ಲ. ಗಾಳಿ ಬಣ್ಣ ಬದಲಿಸಿದಂತಾಯಿತು. ಶಂಖದ ತಳದಲ್ಲಿ ಸಮುದ್ರ ಗುನುಗುವಂತೆ, ಗರ್ಭಗುಡಿಯಲ್ಲಿ ಓಂಕಾರ ಮುಗಿದ ಮೇಲೂ ಕಲ್ಲುಗಳು ಅದನ್ನು ಬಿಡದೆ ಹಿಡಿದಿರುವಂತೆ, ಉದ್ದನೆಯ, ಕಂಚಿನ, ಕರುಣೆಯ ನಾದವೊಂದು ಮಂಜಿನ ಒಳಗಿನಿಂದ ಎದ್ದು, ಕಲ್ಲುಹಾಸಿನ ಓಣಿಗಳನ್ನೆಲ್ಲ ಒಂದೊಂದಾಗಿ ತುಂಬಿತು. ಗಿರಣಿಯ ಪಾರಿವಾಳಗಳು ಒಮ್ಮೆಗೇ ಎದ್ದವು. ಈ ಊರಿನಲ್ಲಿ ಬದುಕಿರುವ ಯಾವ ಕಿವಿಯೂ ಕೇಳಿರದ ಆ ಕೂಗನ್ನು ಪ್ರತಿಯೊಂದು ಕಿವಿಯೂ ಗುರುತಿಸಿತು.

ದೋಣಿಮನೆಯಿಂದ ಜನ ಹೊರಗೆ ಬಂದರು. ಫೋನುಗಳು ಮೇಲೆದ್ದವು. ಯಾರೋ ಚಪ್ಪಾಳೆ ತಟ್ಟಿದರು. ಇದೂ ಟಿಕೆಟಿಗೆ ಸೇರಿದ ಪ್ರದರ್ಶನವೆಂದುಕೊಂಡಿರಬೇಕು. ಗಿಣಿರಾಮ ಮಾತ್ರ, ಹುಟ್ಟಿದಾರಭ್ಯ ಮೊದಲ ಬಾರಿಗೆ, ಬಾಯಿ ತೆರೆದು ಮಾತಿಲ್ಲದೆ ನಿಂತಿದ್ದ.

"ಕೂಗ್ತು," ಅತ್ತೆ ಪಿಸುಗುಟ್ಟಿದರು. ಕಣ್ಣು ತುಂಬಿದ್ದವು. "ಕೂಗ್ತು ಕಣೇ. ಬದುಕಿದಾರೆ."

ಕೂಗು ತಟ್ಟನೆ ನಿಂತಿತು. ತಾನಾಗಿ ಮುಗಿದ ಹಾಗಲ್ಲ. ಹಂಸದ ಗಂಟಲಿಗೆ ಯಾರೋ ಅಂಗೈ ಒತ್ತಿದ ಹಾಗೆ. ಮತ್ತೆ ಹೊರಟಿತು. ಮತ್ತೆ ಅಂಗೈ.

ಒಂದು. ಎರಡು. ಮೌನ.

"ಗಂಟೆ ಬಡಿತದ ಹಾಗೆ ಕೂಗಿಸ್ತಿದಾರೆ," ಎಂದಳು ಪುಟ್ಟಿ. ಮೈಯೆಲ್ಲ ಕಿವಿಯಾಗಿತ್ತು. "ದೋಣಿ ಕಳಿಸಿ ಅಂತ."

ಮತ್ತೆ ಬಂತು. ಒಂದು. ಎರಡು. ಮೌನ.

ಅತ್ತೆಯ ಕೈ ಕಿಟಕಿಯಿಂದ ಹೊರಗೆ ಬಂದು ಪುಟ್ಟಿಯ ಮಣಿಕಟ್ಟನ್ನು ಹಿಡಿಯಿತು. ಹಿಮದಷ್ಟು ತಣ್ಣಗಿತ್ತು.

"ಎರಡಲ್ಲ," ಎಂದರು. "ಎರಡ್ಯಾಕೆ? ಎಷ್ಟು ತಲೆಯೋ ಅಷ್ಟೇ ಬಡಿತ. ಅವರು ಇದರಲ್ಲಿ ತಪ್ಪಲ್ಲ ಪುಟ್ಟೀ, ನಿದ್ದೇಲೂ ತಪ್ಪಲ್ಲ. ಅವರೊಬ್ಬರೇ ಹೋಗಿದ್ದು. ನಾನೇ ಗಂಟು ಹಾಕಿ ಕಳಿಸಿದ್ದು."

"ದೋಣಿ ಬೇರೆ ಯಾವುದಾದ್ರೂ?"

"ಇರೋದೊಂದೇ. ಅವರಿಗಿಂತ ಮುಂಚೆ ಅಲ್ಲಿಗೆ ಯಾರು ಹೋಗ್ತಾರೆ? ಹೇಗೆ ಹೋಗ್ತಾರೆ?"

ಪುಟ್ಟಿ ನಿಧಾನವಾಗಿ ತಿರುಗಿದಳು. ದೋಣಿಮನೆಯ ಬಾಗಿಲಲ್ಲಿ ಮೇಲ್ವಿಚಾರಕರು ನಿಂತಿದ್ದರು. ಊರೆಲ್ಲ ನದಿಯನ್ನು ನೋಡುತ್ತಿದ್ದರೆ ಅವರು ಅತ್ತೆಯನ್ನು ನೋಡುತ್ತಿದ್ದರು.

"ಎರಡು ಅಂದ್ರೇನಮ್ಮ?" ಎಂದು ಕೇಳಿದರು. ದನಿ ಎಂದಿನಂತೆ ಮೆದುವಾಗಿಯೇ ಇತ್ತು. ಕೈಯ ಬಟ್ಟಲು ಮಾತ್ರ ಓರೆಯಾಗಿ, ಚಹಾ ಬಿಳಿಯ ಅಂಗಿಯ ಮೇಲೆ ಸುರಿಯುತ್ತಿತ್ತು. ಅದು ಅವರ ಅರಿವಿಗೇ ಬಂದಿರಲಿಲ್ಲ.

ಅವರ ಹೆಗಲ ಹಿಂದೆ, ಬಾಗಿಲ ಮರೆಯ ಗೂಟದಲ್ಲಿ, ತೇಪೆಯ ಕೊಡೆ ತೂಗುತ್ತಿತ್ತು. ಬಿಸಿಲಲ್ಲೂ ಅದನ್ನು ಕೈಬಿಡದ ಕಾವಲುಗಾರ ಜಡಿಮಳೆಯಲ್ಲಿ ಅದನ್ನಿಲ್ಲೇ ಬಿಟ್ಟು ಊರಿಗೆ ಹೋಗಿದ್ದನಂತೆ. ಕಂಬದ ಮೇಲಿನ ಎರಡನೆಯ ತಲೆ ಯಾರದೆಂದು ಪುಟ್ಟಿಗೆ ಹೊಳೆಯಿತು.

"ದಫೇದಾರ್ರೇ!" ಪುಟ್ಟಿಯ ಕೂಗಿಗೆ ಮೆಟ್ಟಿಲ ಮೇಲಿದ್ದವರೆಲ್ಲ ಬೆಚ್ಚಿದರು. "ಕೀಲಿ!"

ಜೀಪಿನ ಹತ್ತಿರದಿಂದ ಓಡಿಬಂದ ದಫೇದಾರರು ಸೊಂಟದ ಪಟ್ಟಿ ಮುಟ್ಟಿಕೊಂಡು ನದಿಯನ್ನು ನೋಡಿದರು. ಕೀಲಿ ಇಲ್ಲೇ ಇತ್ತು. ಬೀಗ ಹೊಳೆಯಾಚೆ ಇತ್ತು.

ಕೆಳಗಿನ ಮೆಟ್ಟಿಲು ಆಗಲೇ ನೀರಿನಡಿ ಹೋಗಿತ್ತು. ಅದರ ಮೇಲಿನದು ಕಣ್ಣೆದುರೇ, ಸದ್ದಿಲ್ಲದೆ, ನಿದ್ದೆಗೆ ಜಾರುವವರ ರೆಪ್ಪೆಯಂತೆ ಮುಚ್ಚಿಕೊಳ್ಳುತ್ತಿತ್ತು.

ಮಂಜಿನೊಳಗೆ ಹಂಸ ಮತ್ತೆ ಕೂಗಿತು. ಒಂದು.

ಅತ್ತೆಯ ತುಟಿ ಎರಡನೆಯದಕ್ಕಾಗಿ ತೆರೆದೇ ಇತ್ತು. ಮೆಟ್ಟಿಲ ತುಂಬ ನಿಂತ ಜನ, ಏಕೆಂದು ತಿಳಿಯದೆಯೂ, ಫೋನುಗಳನ್ನು ಇಳಿಸಿ ಕಾದರು.

ಎರಡನೆಯ ಕೂಗು ಬರಲಿಲ್ಲ.